ಇಳಿಸಬಾರದ ತಂಬಿಗೆ

ಹರಳೆಣ್ಣೆ ಬಿಸಿಯಾಗುವ ವಾಸನೆ ಬಂದರೆ ಉಳಿದವರಿಗೆ ಬಾಣಂತಿ ಕೋಣೆ ನೆನಪಾದೀತು, ಇಲ್ಲವೇ ಹೊಟ್ಟೆ ಕೆಟ್ಟಾಗ ಮೂಗು ಹಿಡಿದು ಕುಡಿಸಿದ್ದು ನೆನಪಾದೀತು. ನನಗೆ ನೆನಪಾಗುವುದು ನಮ್ಮ ಮಾವನವರ ಮೊಣಕಾಲು.

ಮೊನ್ನೆ ಮಗಳು ನನ್ನನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಅಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ಗೋಡೆಯ ಮೇಲಿನ ಚಿತ್ರ ತೋರಿಸುತ್ತ, ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದಿಡಬೇಕು, ಇಳಿಯುವಾಗ ನೋವಿನ ಕಾಲು ಮುಂದಿಡಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದಳು. ನಾನು ನಕ್ಕುಬಿಟ್ಟೆ. ಪಾಪ, ಆ ಹುಡುಗಿಯ ಮುಖ ಸಪ್ಪಗಾಯಿತು. ಇದನ್ನು ನನಗೆ ಹೇಳಿಕೊಟ್ಟವರು ನೀನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ತೀರಿಕೊಂಡರು ಕಣವ್ವಾ ಎಂದು ಸಮಾಧಾನ ಮಾಡಿ ಬಂದೆ. ಮನೆಗೆ ಬಂದು ಡಾಕ್ಟರು ಕೊಟ್ಟ ಮುಲಾಮನ್ನು ಪಕ್ಕಕ್ಕಿಟ್ಟು ಸಣ್ಣ ಬಾಣಲೆಯಲ್ಲಿ ಹರಳೆಣ್ಣೆ ಕಾಸಿದೆ. ವಾಸನೆ ಎದ್ದಿತು. ಅದರ ಹಿಂದೆಯೇ ಆ ವರ್ಷವೂ ಎದ್ದು ಬಂತು.

ಆಗ ನಮ್ಮ ಬಳ್ಳಾರಿ ಸೀಮೆ ಇನ್ನೂ ಮದರಾಸು ಪ್ರಾಂತಕ್ಕೆ ಸೇರಿತ್ತು. ಹೊಸಪೇಟೆಯ ಹತ್ತಿರ ತುಂಗಭದ್ರೆಗೆ ಅಣೆಕಟ್ಟು ಏಳುತ್ತಿತ್ತು. ನಮ್ಮ ಯಜಮಾನರಿಗೆ ಅಲ್ಲಿ ಗುಮಾಸ್ತರ ಕೆಲಸ. ಭಾನುವಾರ ಮನೆಗೆ ಬಂದು ಸೋಮವಾರ ನಸುಕಿನಲ್ಲೇ ರೈಲು ಹಿಡಿಯುತ್ತಿದ್ದರು. ಬಳ್ಳಾರಿಯ ಕೌಲ್ ಬಜಾರಿನ ಓಣಿಯಲ್ಲಿ, ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ವಾರವೆಲ್ಲ ಇರುತ್ತಿದ್ದವರು ನಾನು ಮತ್ತು ಮಾವನವರು. ಅತ್ತೆಯವರನ್ನು ನಾನು ನೋಡಿದ್ದೇ ಇಲ್ಲ, ನನ್ನ ಮದುವೆಗೆ ಮುಂಚೆಯೇ ಹೋಗಿಬಿಟ್ಟಿದ್ದರು.

ಮಾವನವರ ಹೆಸರು ದೊಡ್ಡಬಸಪ್ಪ. ಹುಟ್ಟೂರು ಕುರುಗೋಡು. ಆ ಊರ ಬಸವಣ್ಣ ಎಷ್ಟು ದೊಡ್ಡವನೆಂದರೆ ಅವನ ಹೆಸರು ಹೊತ್ತವರು ಓಣಿಗಿಬ್ಬರು ಸಿಗುತ್ತಾರೆ. ಮಾವನವರು ಬಳ್ಳಾರಿಯ ಒಂದು ಹತ್ತಿ ಪ್ರೆಸ್ಸಿನಲ್ಲಿ ಆಯುಷ್ಯವೆಲ್ಲ ಚಕ್ಕಳಮಕ್ಕಳ ಹಾಕಿ ಕೂತು ಗುಮಾಸ್ತಿಕೆ ಮಾಡಿದವರು. ಕೂತು ಕೂತೇ ಬಲಗಾಲಿನ ಮೊಣಕಾಲು ಕೆಡಿಸಿಕೊಂಡರು. ಕೆಲಸ ಬಿಟ್ಟ ಮೇಲೆ, ಅವರ ವಾರಗೆಯವರೆಲ್ಲ ಕಟ್ಟೆ ಹಿಡಿದು ಕೂರುವ ಕಾಲಕ್ಕೆ, ಇವರು ಗುಡ್ಡ ಹಿಡಿದರು. ಬೆಳಿಗ್ಗೆ ಎದ್ದು ಕಂಟೋನ್ಮೆಂಟಿನ ರಸ್ತೆಗಳಲ್ಲಿ ನಡೆಯುತ್ತಿದ್ದರು. ಬಿಳಿ ದೊರೆಗಳು ತಮ್ಮ ದೇಶಕ್ಕೆ ಹೋಗಿದ್ದರೂ ಅವರ ರಸ್ತೆಗಳು ಇನ್ನೂ ತಗ್ಗು ಬಿದ್ದಿರಲಿಲ್ಲ. ಕಾಲು ಹದಕ್ಕೆ ಬಂದಿದೆ ಅನಿಸಿದ ದಿನ ಕೋಟೆ ಗುಡ್ಡ ಹತ್ತಿ ಬರುತ್ತಿದ್ದರು. ಇಷ್ಟು ವರ್ಷ ಗುಡ್ಡದ ಬುಡದಲ್ಲಿದ್ದು ತಲೆ ಎತ್ತಿ ನೋಡದೆ ಬರೀ ಹತ್ತಿ ಅಂಡಿಗೆ ನೋಡಿದೆನಲ್ಲ ಎಂದು ಹಳಹಳಿಸುತ್ತಿದ್ದರು.

ಆ ಮೊಣಕಾಲನ್ನು ಅವರು ಮೊಂಡು ಎತ್ತಿನ ಹಾಗೆ ಸಾಕಿದ್ದರು. ಬೈಯುವುದು, ಓಲೈಸುವುದು, ಹೊತ್ತಿಗೆ ಸರಿಯಾಗಿ ಮೈ ತಿಕ್ಕುವುದು. ಮಲಗುವ ಮುಂಚೆ ಹರಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿ, ಎಕ್ಕದ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಕಟ್ಟುತ್ತಿದ್ದರು. ಗುಡ್ಡಕ್ಕೆ ಹೊರಟರೆ ಹಳೆಯ ಧೋತರದ ಪಟ್ಟಿಯನ್ನು ಚಿಪ್ಪಿನ ಮೇಲೊಂದು ಸುತ್ತು, ಕೆಳಗೊಂದು ಸುತ್ತು ಬಿಗಿದು, ಚಿಪ್ಪನ್ನು ಮಾತ್ರ ಬಯಲಿಗೆ ಬಿಡುತ್ತಿದ್ದರು. ಅದಕ್ಕೂ ಗಾಳಿ ಬೇಕಲ್ಲ ಎನ್ನುವರು. ದಣಿದರೆ ಕೂರಬಾರದು, ಕೂತರೆ ಕಾಲು ಬಿಗಿದುಕೊಳ್ಳುತ್ತದೆ. ಬಂಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಇಳಿಜಾರಿನಲ್ಲಿ ನೆಟ್ಟಗೆ ಇಳಿಯಬಾರದು, ಅಡ್ಡಡ್ಡ ಇಳಿಯಬೇಕು. ಏರುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಕೆಟ್ಟ ಕಾಲು ಮುಂದೆ. ಇಷ್ಟನ್ನೂ ಅವರು ಬಿದ್ದು ಎದ್ದು ತಾವೇ ಕಂಡುಕೊಂಡಿದ್ದರು.

ಇನ್ನು ತಂಬಿಗೆಯ ಮಾತು. ಕುರುಗೋಡಿನ ಗುಡ್ಡದ ನೆತ್ತಿಯ ಮೇಲೊಂದು ಸಣ್ಣ ಗುಡಿ, ಅದರ ಮುಂದೆ ಕಲ್ಲಿನ ಪಣತಿ. ಕಾರ್ತಿಕದಲ್ಲಿ ಸೋಮವಾರಕ್ಕೊಂದು ಮನೆಯವರು ಎಣ್ಣೆ ಒಯ್ದು ಸಂಜೆಗೆ ಅದನ್ನು ಹಚ್ಚಬೇಕು. ಕಡೆಯ ಸೋಮವಾರ ನಮ್ಮ ಮನೆಯದು. ಎಣ್ಣೆ ತುಂಬಿ ಬಟ್ಟೆ ಬಿಗಿದ ತಾಮ್ರದ ತಂಬಿಗೆ ಮನೆಯ ಹೊಸ್ತಿಲು ದಾಟಿತೆಂದರೆ ಗುಡ್ಡದ ನೆತ್ತಿ ಮುಟ್ಟುವ ತನಕ ನೆಲಕ್ಕೆ ಇಳಿಯಬಾರದು. ಕೈ ಸೋತರೆ ಇನ್ನೊಬ್ಬರ ಕೈಗೆ ಕೊಡಬೇಕು. ನೆಲ ಮುಟ್ಟಿದ ಎಣ್ಣೆ ಆ ದೀಪಕ್ಕೆ ಬರುವುದಿಲ್ಲ, ಇಳಿಸಿದ ಮನೆಗೆ ಮುಂದೆ ಸರದಿ ಇಲ್ಲ. ಹೀಗಾಗಿ ಒಬ್ಬರೇ ಹೋಗುವ ಮಾತೇ ಇಲ್ಲ. ಕೈಯೂರಿ ಹತ್ತಬೇಕಾದ ಬಂಡೆ ಬಂದರೆ ಒಬ್ಬರು ಮೊದಲು ಹತ್ತಿ ನಿಲ್ಲಬೇಕು, ಕೆಳಗಿದ್ದವರು ತಂಬಿಗೆ ಎತ್ತಿ ಕೊಡಬೇಕು. ಅಷ್ಟು ವರ್ಷ ಮಾವನವರೂ ಕುರುಗೋಡಿನಲ್ಲಿದ್ದ ಅವರ ತಮ್ಮನೂ ಒಯ್ಯುತ್ತಿದ್ದರು. ಆ ಬೇಸಿಗೆಯಲ್ಲಿ ತಮ್ಮ ತೀರಿಕೊಂಡರು.

ಸೊಸೆಯಾದವಳು ಮಾವನ ಮುಂದೆ ನಿಂತು ಮಾತಾಡುವ ಕಾಲವಲ್ಲ ಅದು. ನಾನು ಒಳಗಿನಿಂದ ಬಳೆ ಸದ್ದು ಮಾಡಿದರೆ ಊಟಕ್ಕೆ ಕರೆದ ಹಾಗೆ. ಆದರೆ ದೀಪಾವಳಿಯ ಮರುದಿನ ಅವರು ಅಡಿಗೆಮನೆಯ ಬಾಗಿಲಿಗೆ ಬಂದು, ಅಂಗಳದ ಕಡೆ ಮುಖ ಮಾಡಿ ನಿಂತು ಕೇಳಿದರು.

"ಗೌರವ್ವಾ, ಒಂದು ಕೈ ಕಡಿಮಿ ಬಿದ್ದೈತಿ. ನೀ ಬರ್ತೀಯೇನವ್ವಾ?"

ಬರ್ತೀನಿ ಅಂದೆ. ಅನ್ನದೆ ಏನು! ಮದುವೆಯಾಗಿ ಬಂದ ಮೇಲೆ ಬಾವಿ, ಒಲೆ, ರೊಟ್ಟಿ ಬಿಟ್ಟು ಬೇರೆ ಕಂಡಿರಲಿಲ್ಲ. ನನ್ನ ತವರು ಸಿರುಗುಪ್ಪ. ಹೊಳೆ, ಗದ್ದೆ, ನೆಲವೆಲ್ಲ ಅಂಗೈ ಹಾಗೆ. ನಮ್ಮೂರಲ್ಲಿ ಎತ್ತರ ಅಂದರೆ ಹುಲ್ಲಿನ ಬಣವೆ. ಗುಡ್ಡ ಹತ್ತುವುದು ಅಂದರೆ ನನಗೆ ಜೀವದಲ್ಲಿ ಜೀವ ಬಂದ ಹಾಗಾಯಿತು. ಓಣಿಯವರು ಆಡಿಕೊಂಡರು. ಮಾವನವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ದಿನ ಬೆಳಿಗ್ಗೆ ನನ್ನನ್ನು ಕಂಟೋನ್ಮೆಂಟಿಗೆ ಕರೆದುಕೊಂಡು ಹೋದರು. ಅವರು ಮುಂದೆ, ನಾನು ಸೆರಗು ಹೊದ್ದು ಹಿಂದೆ. ತಿರುಗಿ ನೋಡದೆ ಹೇಳಿಕೊಡುತ್ತಿದ್ದರು, ನಾನು ಅವರ ಹಿಮ್ಮಡಿ ನೋಡಿ ಕಲಿಯುತ್ತಿದ್ದೆ.

ಆ ಸೋಮವಾರ ಬೆಳಗಿನಿಂದಲೇ ಮೋಡ. ಮದರಾಸಿನ ಕಡೆ ಸಮುದ್ರದಲ್ಲಿ ಗಾಳಿ ಎದ್ದರೆ ನಮ್ಮ ಕಡೆಗೂ ಕಾರ್ತಿಕದಲ್ಲಿ ಜಿಟಿಜಿಟಿ ಹಿಡಿಯುತ್ತದೆ. ಬಸ್ಸಿನಲ್ಲಿ ಮಾವನವರು ತಂಬಿಗೆಯನ್ನು ತೊಡೆಯ ಮೇಲಿಟ್ಟು ಮಗುವಿನ ಹಾಗೆ ಹಿಡಿದುಕೊಂಡಿದ್ದರು. ಕಂಡಕ್ಟರು ತೆಲುಗಿನವನು. ಚೆಂಬು ಕೆಳಗಿಡು ತಾತಾ, ಎಣ್ಣೆ ಚೆಲ್ಲೀತು ಎಂದು ಗದರಿದ. ಮಾವನವರೂ ತೆಲುಗಿನಲ್ಲೇ, ಬೇಕಾದರೆ ನಿನ್ನ ಬಸ್ಸು ಕೆಳಗಿಡು, ಇದನ್ನು ಇಡುವುದಿಲ್ಲ ಎಂದರು. ಬಸ್ಸೆಲ್ಲ ನಕ್ಕಿತು. ಅವರನ್ನು ಅಷ್ಟು ಖುಷಿಯಾಗಿ ನಾನು ನೋಡಿದ್ದು ಅದೇ ಮೊದಲು.

ಗುಡ್ಡದ ಬುಡದಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿದೆವು. ಅವರ ಕೈ ಸೋತಾಗ ನಾನು, ನನ್ನ ಕೈ ಸೋತಾಗ ಅವರು. ತಂಬಿಗೆ ಕೊಡುವಾಗ ಬೆರಳಿಗೆ ಬೆರಳು ತಗಲುತ್ತಿತ್ತು. ಮೊದಲ ಸಲ ಇಬ್ಬರಿಗೂ ಮುಜುಗರ, ಆಮೇಲೆ ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ನೆತ್ತಿಗಿಂತ ಸ್ವಲ್ಪ ಕೆಳಗೆ ಒಂದು ಬಂಡೆ ಇದೆ, ಇನ್ನೊಂದರ ಮೇಲೆ ಒರಗಿಕೊಂಡದ್ದು. ಅದರ ಸಂದಿನಲ್ಲಿ ಏರಬೇಕು. ನಾನು ಮೊದಲು ಏರಿ ನಿಂತೆ, ಅವರು ಕೆಳಗಿನಿಂದ ತಂಬಿಗೆ ಕೊಟ್ಟರು, ಎರಡೂ ಕೈಯಲ್ಲಿ ಹಿಡಿದೆ. ಅವರು ಕೋಲೂರಿ ಏರಿದರು. ಬಂಡೆ ಮಳೆಗೆ ಜಾರುತ್ತಿತ್ತು. ಕಡೆಯ ಹೆಜ್ಜೆಯಲ್ಲಿ ಅವರ ಬಲಗಾಲು ಕೈಕೊಟ್ಟಿತು. ಸಿಕ್ಕದ್ದು ನನ್ನ ಸೆರಗು. ಅದನ್ನೇ ಹಿಡಿದರು.

ನಾನು ಮುಗ್ಗರಿಸಿದೆ. ಕೈ ಊರಿದ್ದರೆ ಅಂಗೈ ತರಚುತ್ತಿತ್ತು, ಅಷ್ಟೇ. ಊರಲಿಲ್ಲ. ಎರಡೂ ಕೈ ತಂಬಿಗೆಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದವು. ಇಡೀ ಮೈಭಾರ ಎಡ ಮೊಣಕಾಲಿನ ಮೇಲೆ, ಬಂಡೆಯ ಅಂಚಿಗೆ ಬಿತ್ತು. ಒಳಗೆ ಏನೋ ಲಟಕ್ಕೆಂದದ್ದು ನನಗೇ ಕೇಳಿಸಿತು. ತಂಬಿಗೆಯಿಂದ ಒಂದು ತೊಟ್ಟೂ ಚೆಲ್ಲಿರಲಿಲ್ಲ.

ಮಾವನವರಿಗೆ ಏನೂ ಆಗಿರಲಿಲ್ಲ. ಎದ್ದು ಬಂದವರೇ ಮೊದಲು ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡರು. ತಗೋರಿ ಅಂದವಳೂ ನಾನೇ. ತೆಗೆದುಕೊಂಡ ಮೇಲೆ ಇಬ್ಬರಿಗೂ ತಿಳಿಯಿತು. ತಂಬಿಗೆ ಕೈಯಲ್ಲಿದ್ದರೆ ನನ್ನನ್ನು ಎತ್ತುವುದು ಹೇಗೆ? ಇಳಿಸುವಂತಿಲ್ಲ, ತೆಗೆದುಕೊಳ್ಳಲು ಮೂರನೆಯ ಕೈ ಇಲ್ಲ. ಮಳೆಯಲ್ಲಿ ಅವರು ಹಾಗೇ ನಿಂತರು.

"ನೀವು ಹೋಗ್ರಿ, ಮಾವಾರ. ಹಚ್ಚಿ ಬರ್ರಿ. ನಾ ಇಲ್ಲೇ ಕುಂತಿರ್ತೀನಿ."

ಅವರು ಹೋದರು. ಒಮ್ಮೆಯೂ ತಿರುಗಿ ನೋಡಲಿಲ್ಲ.

ನಾನು ತೆವಳಿಕೊಂಡು ಆ ಒರಗಿದ ಬಂಡೆಯ ಅಡಿ ಸೇರಿದೆ. ಕತ್ತಲಾಗುತ್ತ ಬಂತು. ಕಾಲು ಬಾತುಕೊಳ್ಳುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ಎಷ್ಟು ಹೊತ್ತೋ ಕಾಣೆ, ಮೇಲೆ ಮಂಜಿನೊಳಗೆ ಕೆಂಪಗೆ ಬೆಳಕು ಎದ್ದಿತು. ಸತ್ಯ ಹೇಳುತ್ತೇನೆ, ಆ ನೋವಿನಲ್ಲೂ ನನಗೆ ಸಂತೋಷವಾಯಿತು. ನನ್ನ ಕೈ ಹಿಡಿದು ತಂದ ಎಣ್ಣೆ ಅದು. ಇದನ್ನು ಆಮೇಲೆ ಎಷ್ಟು ಜನರಿಗೆ ಹೇಳಿದೆನೋ, ಒಬ್ಬರೂ ನಂಬಲಿಲ್ಲ. ಸೊಸೆ ಮಾವನ ಮಾನ ಕಾಯುತ್ತಿದ್ದಾಳೆ ಎಂದುಕೊಂಡರು.

ಇಳಿದು ಬಂದಾಗ ಅವರು ತಮ್ಮ ಯಾವ ನಿಯಮವನ್ನೂ ಪಾಲಿಸಿರಲಿಲ್ಲ. ನೆಟ್ಟಗೆ, ಓಡುತ್ತ ಇಳಿದಿದ್ದರು, ಎರಡು ಸಲ ಬಿದ್ದಿದ್ದರಂತೆ. ಗುಡಿಯಿಂದ ತಂದ ಕಂದೀಲು ಹಿಡಿದು ನನ್ನ ಕಾಲು ನೋಡಿದವರೇ ಕುಸಿದು ಕೂತರು. ತಮ್ಮ ಮೊಣಕಾಲಿನ ಪಟ್ಟಿ ಬಿಚ್ಚಿ ನನ್ನ ಕಡೆ ಚಾಚಿ, ಮುಖ ಆ ಕಡೆ ಮಾಡಿ, ಹೇಗೆ ಕಟ್ಟಿಕೊಳ್ಳಬೇಕೆಂದು ಹೇಳಿದರು. ಕೋಲನ್ನೂ ನನಗೇ ಕೊಟ್ಟರು. ಇಬ್ಬರೂ ಅಂಬೆಗಾಲಿನ ಮಕ್ಕಳ ಹಾಗೆ ಬಂಡೆಯಿಂದ ಬಂಡೆಗೆ ಕುಂಡೆ ಊರಿ ಜಾರುತ್ತ ಇಳಿದೆವು. ಯಾರಾದರೂ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ನನಗೂ ಒಂದು ಸಲ ನಗು ಬಂತು. ಅವರು ಅಳುತ್ತಿದ್ದುದರಿಂದ ನುಂಗಿಕೊಂಡೆ.

ಸುದ್ದಿ ಸಿರುಗುಪ್ಪಕ್ಕೆ ಹೋಗುವುದು ತಡವಾಗಲಿಲ್ಲ. ನಮ್ಮಪ್ಪ ಕೊಲ್ಲಾರಿ ಬಂಡಿ ಕಟ್ಟಿಸಿಕೊಂಡು ಬಂದ. ಅಪ್ಪನ ಕೋಪ ಗೊತ್ತಿದ್ದ ನಾನು ಮಲಗಿದಲ್ಲಿಂದಲೇ, ಹೋಗಿ ಅಂದವಳು ನಾನು ಎಂದು ಕೂಗಿ ಹೇಳಿದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ. ಅಂಗಳದಲ್ಲಿ ನಿಂತು ಕೇಳಿದ:

"ಎಣ್ಣಿಗಿರೋ ಬೆಲಿ ನನ್ನ ಮಗಳ ಕಾಲಿಗಿಲ್ಲೇನ್ರಿ, ಬೀಗರ?"

ಮಾವನವರು ತಲೆ ತಗ್ಗಿಸಿ ನಿಂತಿದ್ದರು. ವಾದ ಮಾಡಲಿಲ್ಲ, ನನ್ನ ಮಾತನ್ನು ಆಸರೆ ಮಾಡಿಕೊಳ್ಳಲಿಲ್ಲ.

"ಆವತ್ತು ಇರಲಿಲ್ಲರಿ, ಬೀಗರ," ಎಂದರು.

ಅಪ್ಪನಿಗೆ ಮುಂದೆ ಬೈಯಲು ಏನೂ ಉಳಿಯಲಿಲ್ಲ. ಇನ್ನು ಮೇಲೆ ಆ ಮನೆಯಲ್ಲಿ ಗುಡ್ಡದ ಮಾತು ಬರಬಾರದು, ಬಂದರೆ ಮಗಳನ್ನು ಕಳಿಸುವುದಿಲ್ಲ ಎಂದ. ಮಾವನವರು ಆಗಲಿ ಅಂದರು. ನಾನು ಬಂಡಿಯಲ್ಲಿ ಹುಲ್ಲಿನ ಮೇಲೆ ಮಲಗಿ ಸಿರುಗುಪ್ಪಕ್ಕೆ ಹೋದೆ. ದಾರಿಯುದ್ದಕ್ಕೂ ಕಾಲು ಅಲುಗಿದಾಗಲೆಲ್ಲ ಅಪ್ಪ ಹಲ್ಲು ಕಡಿಯುತ್ತಿದ್ದ.

ಸಿರುಗುಪ್ಪದಲ್ಲಿ ಅದು ನೆಲ್ಲಿನ ಸುಗ್ಗಿ. ಮನೆಯ ತುಂಬ ಹೊಸ ಅಕ್ಕಿಯ ವಾಸನೆ, ಅಂಗಳದ ತುಂಬ ಹೊಟ್ಟು. ಎಲ್ಲರೂ ಕಣದಲ್ಲಿದ್ದರೆ ನಾನು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದೆ. ಮೂಳೆ ಮುರಿದಿರಲಿಲ್ಲ, ಆದರೆ ಒಳಗೆ ಏನೋ ಹರಿದು ಹೋಗಿತ್ತು. ಮೊಣಕಾಲು ಒಮ್ಮೊಮ್ಮೆ ಮಡಿಚಿದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮಾವನವರು ಆಗಾಗ ಬಸ್ಸಿನಲ್ಲಿ ನೋಡಲು ಬರುತ್ತಿದ್ದರು. ಬಂದರೆ ಹೊರಗಿನ ಕಟ್ಟೆಯ ಮೇಲೆಯೇ ಕೂರುವರು. ಅವ್ವ ಮಜ್ಜಿಗೆ ಕಳಿಸಿದರೆ ಮುಟ್ಟುತ್ತಿರಲಿಲ್ಲ. ಕಾಲು ಹೇಗಿದೆ ಎಂದು ಕೇಳಿ, ಉತ್ತರ ಕೇಳಿಕೊಂಡು, ಮುಂದಿನ ಬಸ್ಸಿಗೆ ಎದ್ದು ಹೋಗುವರು. ಕಿಟಕಿಯಿಂದ ನೋಡುತ್ತಿದ್ದೆ. ಪ್ರತಿ ಸಲವೂ ಹೋದ ಸಲಕ್ಕಿಂತ ಹೆಚ್ಚು ಕುಂಟುತ್ತಿದ್ದರು.

ಯುಗಾದಿ ಕಳೆದು ನಾನು ಬಳ್ಳಾರಿಗೆ ವಾಪಸಾದಾಗ ಮೊದಲು ಕಂಡದ್ದು ಹೊಸ್ತಿಲು. ನಮ್ಮ ಮನೆಯದು ಹಳೆಯ ಕಾಲದ ಎತ್ತರದ ಹೊಸ್ತಿಲು. ಅದನ್ನು ಬಡಿಗನಿಂದ ಕೊಯ್ಯಿಸಿ ಅರ್ಧಕ್ಕಿಳಿಸಿದ್ದರು, ನಾನು ಕಾಲೆತ್ತಿ ದಾಟುವ ಕಷ್ಟ ಬೇಡವೆಂದು. ದಿನಾ ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲಿಗೆ ಗರಗಸ ಹಾಕಿಸಿದ ಮನುಷ್ಯನನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ನಾನು ಏಳುವ ಹೊತ್ತಿಗೆ ಹಂಡೆಗೆ ನೀರು ತುಂಬಿರುತ್ತಿತ್ತು. ಮಾವ ಸೇದಿದ ನೀರಲ್ಲಿ ಸೊಸೆ ಸ್ನಾನ ಮಾಡುತ್ತಾಳೆ ಎಂದು ಬಾವಿಕಟ್ಟೆಯ ಮೇಲೆ ನಕ್ಕರು. ನಾನು ಯಜಮಾನರ ಮುಂದೆ ಅತ್ತುಕೊಂಡೆ. ಅಪ್ಪನ ತಂಟೆಗೆ ನಾನು ಹೋಗುವುದಿಲ್ಲ, ನೀನೂ ಹೋಗಬೇಡ ಎಂದರು ಅವರು.

ಗುಡ್ಡದ ಕೋಲು ಜಂತೆಗೆ ಏರಿತ್ತು. ತಂಬಿಗೆ ಅಟ್ಟದ ಮೇಲೆ ಬೋರಲು ಬಿದ್ದಿತ್ತು. ಕಂಟೋನ್ಮೆಂಟೂ ಇಲ್ಲ, ಕೋಟೆ ಗುಡ್ಡವೂ ಇಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ಎದೆಗೆ ಚುಚ್ಚಿದ್ದು ಬೇರೆ. ಅವರು ತಮ್ಮ ಮೊಣಕಾಲನ್ನೇ ಕೈಬಿಟ್ಟಿದ್ದರು. ಎಣ್ಣೆ ಇಲ್ಲ, ಎಲೆ ಇಲ್ಲ, ಪಟ್ಟಿ ಇಲ್ಲ. ನನ್ನ ಕಾಲಿಗೆ ಎಕ್ಕದ ಎಲೆ ತಂದು ಬಾಡಿಸಿ ಅಡಿಗೆಮನೆಯ ಬಾಗಿಲಲ್ಲಿ ಇಟ್ಟು ಹೋಗುವರು. ತಮಗೆ ಒಂದು ಎಲೆಯನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ನೋವು ತಿಂದರೆ ಲೆಕ್ಕ ಸರಿಹೋದೀತು ಎಂಬಂತೆ ತಿನ್ನುತ್ತಿದ್ದರು.

ನಾನೇನು ಕಡಿಮೆ? ಅವರು ಪಡಸಾಲೆಯಲ್ಲಿದ್ದರೆ ನಾನು ಕುಂಟದೆ ನಡೆಯುವುದನ್ನು ರೂಢಿ ಮಾಡಿಕೊಂಡೆ. ಹಲ್ಲು ಕಚ್ಚಿ, ನೆಟ್ಟಗೆ, ಮದುಮಗಳು ನಡೆದ ಹಾಗೆ ಅವರ ಮುಂದೆ ದಾಟಿ, ಅಡಿಗೆಮನೆಗೆ ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದೆ. ಹಾಗೆ ನಡೆದೇ ಕಾಲು ಇನ್ನಷ್ಟು ಕೆಟ್ಟಿತು. ಅವರಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಆದರೆ ಒಂದು ದಿನ ಅವರು ಗೋಡೆಯ ಆಚೆಯಿಂದ, ಹಂಗ ನಡೀಬ್ಯಾಡವ್ವಾ, ಸದ್ದಿನಾಗ ಗೊತ್ತಾಗ್ತೈತಿ ಅಂದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಕಾಲು ಆ ಮುದುಕರ ಗುಡ್ಡವನ್ನು ಕಿತ್ತುಕೊಂಡು ಕೂತಿತ್ತು. ನಾನು ಮನೆಯಲ್ಲಿ ಇಡುವ ಒಂದೊಂದು ಹೆಜ್ಜೆಯೂ ಅವರಿಗೆ ಶಿಕ್ಷೆ. ಇಡದೆ ಇರುವುದು ಹೇಗೆ?

ಮಳೆಗಾಲ ಹೋಯಿತು, ದಸರೆ ಹೋಯಿತು. ಕಾರ್ತಿಕದ ನಡುವೆ ಕುರುಗೋಡಿನಿಂದ ಗುಡಿಯ ಐನೋರು ಬಂದರು. ಕಡೇ ಸೋಮವಾರಕ್ಕೆ ನೀವು ಬರುತ್ತೀರೋ ಇಲ್ಲವೋ, ಬರದಿದ್ದರೆ ಸರದಿಯನ್ನು ಬೇರೆ ಮನೆಯವರು ಕೇಳುತ್ತಿದ್ದಾರೆ ಎಂದರು. ನಾನು ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿ ಕೊಟ್ಟೆ. ಮಾವನವರು ಬರುತ್ತೇನೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಕಡೆಗೆ, ಆ ಸಂಜೆ ಮೇಲೆ ಬೆಳಕು ಕಾಣದಿದ್ದರೆ ಕೊಟ್ಟುಬಿಡಿ ಎಂದರು. ಅವರ ಅಜ್ಜ, ಅಪ್ಪ ಹಚ್ಚಿದ ದೀಪ ಅದು. ಅದು ಹೋಗುವುದು ನನ್ನ ಮೊಣಕಾಲಿನ ದೆಸೆಯಿಂದ. ಒಲೆಯ ಮೇಲಿನ ರೊಟ್ಟಿ ಸೀದದ್ದು ನನಗೆ ಗೊತ್ತಾಗಲಿಲ್ಲ.

ಕಡೇ ಸೋಮವಾರ ಬಂತು. ಯಜಮಾನರು ನಸುಕಿನಲ್ಲೇ ರೈಲಿಗೆ ಹೋದರು. ನಾನು ಮಿಂದು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಏಣಿ ಇಟ್ಟು ಅಟ್ಟ ಹತ್ತಿ ತಂಬಿಗೆಯನ್ನೂ ಜಂತೆಯ ಕೋಲನ್ನೂ ಇಳಿಸಿದೆ. ಹುಣಸೆಹಣ್ಣು ಹಾಕಿ ಉಜ್ಜಿದೆ. ಹರಳೆಣ್ಣೆ ತುಂಬಿ ಬಟ್ಟೆ ಬಿಗಿದೆ. ಮಾವನವರು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಕೊಯ್ದ ಹೊಸ್ತಿಲು ದಾಟಿ ಅವರ ಎದುರಿಗೆ ಹೋಗಿ ನಿಂತೆ. ಬದುಕಿನಲ್ಲಿ ಮೊದಲ ಸಲ ಹಾಗೆ ಎದುರು ನಿಂತದ್ದು. ತಂಬಿಗೆ ಮುಂದೆ ಹಿಡಿದೆ. ಎಷ್ಟೋ ವರ್ಷದ ರೂಢಿಯ ಕೈಗಳು. ಅವರು ಯೋಚಿಸುವ ಮೊದಲೇ ಚಾಚಿ ತೆಗೆದುಕೊಂಡವು. ಆಮೇಲೆ ಅವರಿಗೆ ತಿಳಿಯಿತು, ನಾನೇನು ಮಾಡಿದೆ ಅಂತ.

"ಹೊಸ್ತಿಲಾ ದಾಟೈತಿ, ಮಾವಾರ. ಇನ್ನ ಇಳಸಾಕ ಬರಂಗಿಲ್ಲ. ನಡೀರಿ," ಅಂದೆ.

ಗುಡ್ಡದ ಮಾತು ಬರಬಾರದು ಎಂದು ಅಪ್ಪ ಅಂದಿದ್ದ. ಗುಡ್ಡ ಎಂಬ ಶಬ್ದವನ್ನು ನಾನು ಆಡಲಿಲ್ಲ. ಆದರೂ ಬಸ್ಸಿನಲ್ಲಿ ಕೂತಾಗ ಅಪ್ಪನಿಗೆ ಮೋಸ ಮಾಡುತ್ತಿದ್ದೇನೆ ಎಂದು ಒ‌ಳಗೊಳಗೆ ಕುಟುಕುತ್ತಿತ್ತು. ತಂಬಿಗೆ ಮಾವನವರ ತೊಡೆಯ ಮೇಲೆ ಬಿಸಿಲಿಗೆ ಹೊಳೆಯುತ್ತಿತ್ತು. ಆ ದಿನ ಮೋಡವಿರಲಿಲ್ಲ, ಮಳೆಯಿರಲಿಲ್ಲ, ಆಕಾಶ ತೊಳೆದಿಟ್ಟ ಹಾಗಿತ್ತು.

ವರ್ಷವೆಲ್ಲ ಆರೈಕೆ ಕಾಣದ ಅವರ ಕಾಲು ಬುಡದಲ್ಲೇ ತಕರಾರು ತೆಗೆಯಿತು. ನನ್ನದೂ ಅಷ್ಟೇ. ಅವರದು ಬಲ, ನನ್ನದು ಎಡ. ಒಬ್ಬರ ಹಿಂದೊಬ್ಬರು, ನಾಲ್ಕು ಹೆಜ್ಜೆ ಹತ್ತುವುದು, ಬಂಡೆಗೆ ಬೆನ್ನು ಕೊಟ್ಟು ನಿಲ್ಲುವುದು. ತಂಬಿಗೆ ಅವರಿಂದ ನನಗೆ, ನನ್ನಿಂದ ಅವರಿಗೆ. ಕೋಲನ್ನು ನಾನು ಎಷ್ಟು ಹೇಳಿದರೂ ಅವರು ಹಿಡಿಯಲಿಲ್ಲ, ನನಗೇ ಕೊಟ್ಟರು. ಬಿಸಿಲು ಇಳಿಯುವ ಹೊತ್ತಿಗೆ ಆ ಒರಗಿದ ಬಂಡೆಯ ಹತ್ತಿರ ಬಂದೆವು. ಸಂದಿನಲ್ಲಿ ಏರಲು ನಾನು ಎಡಗಾಲು ಮಡಿಚಿದೆ. ಸಿಕ್ಕಿಕೊಂಡಿತು. ಬಿಚ್ಚಲೂ ಬರದು, ಊರಲೂ ಬರದು. ಕಣ್ಣಿಗೆ ಕತ್ತಲೆ ಬಂದು ಹೋದ ವರ್ಷ ಕೂತ ಜಾಗದಲ್ಲೇ ಕೂತುಬಿಟ್ಟೆ.

ತಂಬಿಗೆ ಅವರ ಕೈಯಲ್ಲಿತ್ತು. ಮೇಲೆ ಗುಡಿಯ ಬಾವುಟ ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರ. ಕೆಳಗೆ ಕುರುಗೋಡಿನ ಮಾಳಿಗೆಗಳ ಮೇಲೆ ಜನ ಬೆಳಕು ನೋಡಲು ಆಗಲೇ ಏರುತ್ತಿದ್ದರು. ನನಗೆ ಬಂದದ್ದು ಅದೇ ಮಾತು. ಬೇರೆ ಯಾವ ಮಾತು ಬರಬೇಕಿತ್ತೋ ನನಗೆ ಇಂದಿಗೂ ತಿಳಿಯದು.

"ನೀವು ಹೋಗ್ರಿ, ಮಾವಾರ. ಹಚ್ಚಿ ಬರ್ರಿ."

ಅವರು ಮೇಲೆ ನೋಡಿದರು. ನನ್ನ ಕಾಲು ನೋಡಿದರು. ಆಮೇಲೆ ಎಡಗೈಯಲ್ಲಿ ಬಂಡೆ ಹಿಡಿದು, ಮಡಿಚದ ಬಲಗಾಲನ್ನು ಉದ್ದಕ್ಕೆ ಚಾಚಿ, ಮೆಲ್ಲಗೆ ಬಾಗಿದರು. ತಾಮ್ರ ಕಲ್ಲಿಗೆ ತಗಲಿದ ಸದ್ದು ಕೇಳಿಸಿತು.

"ಇದನ್ನ ಆವತ್ತ ಇಳಸಬೇಕಾಗಿತ್ತವ್ವಾ," ಅಂದರು.

ಅವರ ಎರಡೂ ಕೈ ಖಾಲಿಯಾಗಿದ್ದವು. ಆ ಕೈ ಚಾಚಿ ನನ್ನನ್ನು ಹಿಡಿದೆತ್ತಿ, ಒರಗಿ ಕೂರಲು ಅನುಕೂಲವಾದ ಕಡೆ ಕೂರಿಸಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ದೀಪ ಉಳಿಸಲೆಂದು ಅವರನ್ನು ಎಳೆದು ತಂದವಳು ನಾನು, ಆರಿಸಿದವಳೂ ನಾನೇ ಆದೆನಲ್ಲ ಎಂದು. ಅವರು ತಂಬಿಗೆಯ ಬಟ್ಟೆ ಬಿಚ್ಚಿದರು, ಅದನ್ನು ನನ್ನ ಕಡೆ ಸರಿಸಿದರು. ಇನ್ನು ಇದು ದೇವರಿಗೆ ಬರುವುದಿಲ್ಲ, ಹಚ್ಚಿಕೊ, ಚಿಪ್ಪಿನ ಸುತ್ತ ಮೆಲ್ಲಗೆ ತಿಕ್ಕು ಎಂದು ಹೇಳಿ ಬಯಲಿನ ಕಡೆ ಮುಖ ಮಾಡಿ ಕೂತರು. ದಿನವೆಲ್ಲ ಬಿಸಿಲುಂಡ ಎಣ್ಣೆ, ಕಾಸಿದ ಹಾಗೆ ಬೆಚ್ಚಗಿತ್ತು. ತಿಕ್ಕುತ್ತ ತಿಕ್ಕುತ್ತ ಕಾಲು ಸಡಿಲವಾಯಿತು. ತಂಬಿಗೆಯನ್ನು ಅವರ ಕಡೆ ತಳ್ಳಿದೆ. ಸ್ವಲ್ಪ ಹೊತ್ತು ಅದನ್ನು ನೋಡುತ್ತ ಕೂತರು. ಆಮೇಲೆ ಧೋತರ ಸರಿಸಿ, ಒಂದು ವರ್ಷದ ನಂತರ ತಮ್ಮ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡರು. ಒಬ್ಬರಿಗೊಬ್ಬರು ಬೆನ್ನು ಮಾಡಿ, ನಾನು ಪಶ್ಚಿಮಕ್ಕೆ ಅವರು ಪೂರ್ವಕ್ಕೆ ಮುಖ ಮಾಡಿ, ಸೂರ್ಯ ಮುಳುಗುವ ತನಕ ಕೂತೆವು. ಆ ಸಂಜೆ ಕುರುಗೋಡಿನ ಗುಡ್ಡದ ಮೇಲೆ ಬೆಳಕು ಏಳಲಿಲ್ಲ.

ಕೆಳಗೆ ಬಂದಾಗ ಊರವರು ಸುತ್ತುಗಟ್ಟಿದರು. ಏನಾಯಿತು, ಸೊಸೆ ಬಿದ್ದಳೇ, ಕೈ ಜಾರಿತೇ ಎಂದು ಕೇಳಿದರು. ಮಾವನವರು, ಜಾರಲಿಲ್ಲ, ತಂಬಿಗಿ ನಾ ಇಳಿಸೀನಿ ಅಂದರು. ಸರದಿ ಬೇರೆ ಮನೆಗೆ ಹೋಯಿತು. ಈಗಲೂ ಅವರದೇ. ನಮ್ಮಪ್ಪನಿಗೆ ಹೇಗೋ ಗೊತ್ತಾಯಿತು. ಕೂಗಾಡಿಕೊಂಡು ಬಂದವನು ನಡೆದದ್ದು ಪೂರ್ತಿ ಕೇಳಿ, ಬೀಗರ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು, ನನಗೂ ಎರಡು ದಿನದಿಂದ ಈ ಕಾಲು ಹಿಡಿದಿದೆ, ಯಾವ ಎಲೆ ಕಟ್ಟುತ್ತೀರಿ ಎಂದು ಕೇಳಿದ. ಆ ದಿನ ಮಾವನವರು ಅವ್ವ ಕಟ್ಟಿ ಕಳಿಸಿದ್ದ ಬುತ್ತಿ ಬಿಚ್ಚಿಸಿ ಉಂಡರು.

ಮರುವಾರದಿಂದ ಅವರು ಮತ್ತೆ ಕಂಟೋನ್ಮೆಂಟಿಗೆ ಹೊರಟರು. ಬೇಸಿಗೆಯ ಹೊತ್ತಿಗೆ ಕೋಟೆ ಗುಡ್ಡಕ್ಕೂ. ಎಷ್ಟೋ ಬೆಳಿಗ್ಗೆ ನಾನೂ ಹೋದೆ, ಹಿಂದೆ ಅಲ್ಲ, ಪಕ್ಕದಲ್ಲಿ. ಎರಡು ಕುಂಟುಕಾಲುಗಳು ಹೊಂದಿಕೊಂಡು ನಡೆಯುವುದನ್ನು ನೋಡಿ ಓಣಿಯವರಿಗೆ ನಗಲೂ ಬೇಜಾರಾಯಿತು. ಕಣ್ಣು ಮುಚ್ಚುವ ತನಕ ಅವರು ಆ ದೀಪದ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಒಂದು ಮನೆತನದ ಬೆಳಕು ನನ್ನ ಕಾಲಿಗಾಗಿ ನೆಲಕ್ಕಿಳಿಯಿತು ಎಂಬ ಭಾರವನ್ನು ಮಕ್ಕಳಾದ ಮೇಲೂ, ಮೊಮ್ಮಕ್ಕಳಾದ ಮೇಲೂ ಇಳಿಸಲು ನನಗೆ ಆಗಿಲ್ಲ. ಬೇರೆಯವರ ಕೈಗೆ ಕೊಡೋಣವೆಂದರೆ ತೆಗೆದುಕೊಳ್ಳುವ ಕೈ ಯಾವುದು?

ಆ ತಂಬಿಗೆ ಈಗ ನನ್ನ ಮಂಚದ ಪಕ್ಕದಲ್ಲಿದೆ. ಮಗಳು ಅದನ್ನು ಉಜ್ಜಿ ಉಜ್ಜಿ ದೇವರ ಗೂಡಿನಲ್ಲಿ ಇಡುತ್ತಾಳೆ, ಹಿರಿಯರ ವಸ್ತು, ಕಾಲಿಗೆ ತಗಲಬಾರದು ಅಂತ. ಅವಳು ಆಚೆ ಹೋದ ಮೇಲೆ ನಾನು ಗೋಡೆ ಹಿಡಿದು ಎದ್ದು, ಅದನ್ನು ತಂದು ಮತ್ತೆ ನೆಲಕ್ಕೆ ಇಳಿಸುತ್ತೇನೆ.